ಹಳದಿ ತಟ್ಟೆಗೆ ಬೀಳದ ಹೇನು

೧೯೫೧ನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಫೇಲಾಗಿ ನಿಲ್ಲಿಸಿದವನಲ್ಲ, ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಯಲಹಂಕದ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಲೆಕ್ಕದಲ್ಲಿ ನನ್ನನ್ನು ಹಿಂದೆ ಹಾಕಿದವರಿಲ್ಲ. ಆ ವರ್ಷ ಅಪ್ಪ ತೀರಿಕೊಂಡರು. ಉಳುವುದಕ್ಕೆ ಅಣ್ಣನಿದ್ದ, ಬಾವಿಯ ಮೇಲೆ ಕಪಿಲೆ ಹೊಡೆಯುವುದಕ್ಕೆ ಇನ್ನೊಬ್ಬ ಬೇಕಿತ್ತು. ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಕ್ಕೆ ನಡೆಸಿ, ಹಗ್ಗದ ಮೇಲೆ ಭಾರ ಬಿಟ್ಟು ಕೂತು, ಚರ್ಮದ ಬಾನಿಯಲ್ಲಿ ನೀರೆತ್ತುವ ಕೆಲಸ ಅದು. ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ ಮಾರನೆಯ ಬೆಳಗ್ಗೆಯೇ ಹಗ್ಗದ ಮೇಲೆ ಕೂತೆ. ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತೂ ಇರಲಿಲ್ಲ.

ನಮ್ಮೂರು ಯಲಹಂಕದಿಂದ ಚಿಕ್ಕಜಾಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ. ಮಳೆ ನಂಬಿದ ಹೊಲದಲ್ಲಿ ರಾಗಿ, ಬಾವಿ ಇದ್ದವರ ಹೊಲದಲ್ಲಿ ಆಲೂಗಡ್ಡೆ. ನಮ್ಮ ಬಾಯಲ್ಲಿ ಅದು ಉರುಳ್‌ಗಡ್ಡೆ. ಅದರ ಬೀಜ ನಮ್ಮಲ್ಲಿ ಆಗುವುದಿಲ್ಲ ಎಂದೇ ಎಲ್ಲರೂ ನಂಬಿದ್ದರು. ಬೆಟ್ಟದ ಸೀಮೆಯಿಂದ ಮೂಟೆ ಮೂಟೆಯಾಗಿ ಯಶವಂತಪುರದ ಗೂಡ್ಸ್ ಶೆಡ್ಡಿಗೆ ಬಂದಿಳಿಯಬೇಕು, ನಾವು ಗಾಡಿ ಕಟ್ಟಿಕೊಂಡು ಹೋಗಿ ತರಬೇಕು. ಬೆಟ್ಟದ ಬೀಜ ಹಾಕಿದ ವರ್ಷ ಬೆಳೆ ನೋಡುವ ಹಾಗಿರುತ್ತಿತ್ತು. ಅದೇ ಗಡ್ಡೆಯನ್ನು ಉಳಿಸಿಕೊಂಡು ಮತ್ತೆ ಹಾಕಿದರೆ ಗಿಡ ಕುಳ್ಳು. ಇನ್ನೊಂದು ಸಲ ಹಾಕಿದರೆ ಕೆಳಗಿನ ಎಲೆಗಳು ಮೇಲ್ಮುಖವಾಗಿ ಸುರುಳಿ ಸುತ್ತಿಕೊಂಡು, ಕೈ ಆಡಿಸಿದರೆ ಒಣಗಿದ ಮುತ್ತುಗದೆಲೆಯ ಹಾಗೆ ಸದ್ದು ಮಾಡುತ್ತಿದ್ದವು. ಅದಕ್ಕೆ ಮುರುಟು ಅನ್ನುತ್ತಿದ್ದರು. ಮಣ್ಣಿನ ಕಾವು ಎಂದರು ಕೆಲವರು, ಬಾವಿಯ ಉಪ್ಪುನೀರು ಎಂದರು ಕೆಲವರು. ಕಣ್ಣು ಬಿದ್ದಿದೆ ಎಂದು ಹೊಲದಲ್ಲಿ ಬೂದುಗುಂಬಳ ಒಡೆದವರೂ ಇದ್ದರು.

ಅರವತ್ತರ ಆಚೀಚೆ ದೇವನಹಳ್ಳಿ ಕಡೆ ದ್ರಾಕ್ಷಿ ಚಪ್ಪರಗಳು ಏಳತೊಡಗಿದವು. ಅಣ್ಣ ಒಂದು ದಿನ ಹೋಗಿ ನೋಡಿಕೊಂಡು ಬಂದ. ಬಂದವನು ಕಾಲು ತೊಳೆಯದೆಯೇ ಜಗಲಿ ಮೇಲೆ ಕೂತು ಶುರು ಮಾಡಿದ.

"ನಿನ್ ಉರುಳ್‌ಗಡ್ಡೆ ಸವಾಸ ಸಾಕು ಕಣ್ಲಾ. ವರ್ಸಾ ವರ್ಸಾ ಯಶವಂತಪುರದಾಗೆ ರೈಲ್ ಕಾಯೋದು, ಮೂಟೆ ಬಿಚ್ಚುದ್ರೆ ಅರ್ಧ ಕೊಳ್ತಿರೋದು. ಬಾವಿ ಒಲಕ್ಕೆ ಕಲ್ ಕಂಬ ನೆಡ್ಸಿ ದ್ರಾಕ್ಷಿ ಆಕಾನ."

"ಬೀಜ ನಾವೇ ಮಾಡ್ಕೊಂಡ್ರೆ ರೈಲ್ ಯಾಕಣ್ಣ ಕಾಯ್ಬೇಕು?" ಎಂದೆ ನಾನು.

"ಮಾಡ್ಕೋ, ಮಾಡ್ಕೋ. ಮುರುಟ್ಕೊಂಡ್ ಕೂತ್ಕೊಳ್ತದಲ್ಲ, ಆವಾಗ ಅದ್ಕೂ ನಿನ್ ಸ್ಕೂಲ್ ಲೆಕ್ಕ ಏಳ್ಕೊಡು."

ಮಾತು ಬೆಳೆಯಿತು. ಒಳಗೆ ರಾಗಿ ಬೀಸುತ್ತಿದ್ದ ಅವ್ವ ಕಲ್ಲು ನಿಲ್ಲಿಸಿ ಹೊರಗೆ ಬಂದಳು. ಅಪ್ಪ ಹೋದ ಮೇಲೆ ಮನೆಯ ತೀರ್ಪೆಲ್ಲ ಅವಳದೇ.

"ಇಬ್ರೂ ಬಾಯ್ ಮುಚ್ರುಲಾ. ಈ ಸಲ ಬಾವಿ ಒಲ ಚಿಕ್ಕೋನ್ಗೆ. ಬೆಟ್ಟದ್ ಬೀಜ ತಂದು ಬೆಳೀಲಿ, ಅದ್ರಾಗೇ ಬೀಜ ಮಾಡ್ಲಿ. ಅದ್ನ ಮುಂಗಾರ್ಗೆ ಆಕಿ ನೋಡಾನ. ನೆಟ್ಟಗ್ ಬಂದ್ರೆ ಆ ಒಲ ಅವ್ನ್ದೇ. ಮುರುಟ್ಕೊಂತಾ, ಕಲ್ ಕಂಬ. ಆಮ್ಯಾಕೆ ಒಬ್ರೂ ತುಟಿ ಬಿಚ್ಚಂಗಿಲ್ಲ."

ನಮಗಿದ್ದ ನೀರಾವರಿ ಅದೊಂದೇ. ಅದು ಅಣ್ಣನ ಕೈಗೆ ಹೋದರೆ ನಾನು ಅವನ ದ್ರಾಕ್ಷಿಗೆ ನೀರು ಕಟ್ಟುವ ಆಳು. ಅವನು ಹಾಗೆ ನಡೆಸಿಕೊಳ್ಳುತ್ತಿರಲಿಲ್ಲ, ಆ ಮಾತು ಬೇರೆ. ಆದರೆ ನಾನು ಹಾಗೆಯೇ ಅಂದುಕೊಳ್ಳುತ್ತಿದ್ದೆ. ಅವತ್ತಿನಿಂದ ನನಗೆ ಕೂತ ಕಡೆ ಕೂರಲಾಗಲಿಲ್ಲ.

ಕಾರ್ತೀಕದಲ್ಲಿ ನಾಟಿ ಮಾಡಿದೆವು. ಗಿಡ ಗೇಣುದ್ದ ಬಂದಿದ್ದಾಗ ಹೆಬ್ಬಾಳದ ಕಡೆಯಿಂದ ಯುವಕರೊಬ್ಬರು ಸೈಕಲ್ ತುಳಿದುಕೊಂಡು ಬಂದರು. ತಲೆಗೊಂದು ಟೋಪಿ, ಕ್ಯಾರಿಯರ್ರಿಗೆ ಕಟ್ಟಿದ ಹಳದಿ ಬಳಿದ ತಗಡಿನ ತಟ್ಟೆಗಳು. ತಟ್ಟೆ ಮಾರುವವರು ಎಂದುಕೊಂಡು ಹೆಂಗಸರು ಸುತ್ತ ನೆರೆದರು. ಸರ್ಕಾರದ ಕೆಲಸದವರು, ಬೆಳೆಯ ಹುಳ ಹುಪ್ಪಟೆ ನೋಡುವುದು ಅವರ ಕೆಲಸ ಎಂದು ಆಮೇಲೆ ತಿಳಿಯಿತು. ಊರವರು ಅವತ್ತೇ ಅವರಿಗೆ ಹುಳದ ಸಾಹೇಬರು ಎಂದು ಹೆಸರಿಟ್ಟರು. ಅವರು ನನ್ನ ಹೊಲಕ್ಕಿಳಿದು, ಒಂದು ಎಲೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಗಿಡ ಅಲ್ಲಾಡದ ಹಾಗೆ ಮಗುಚಿದರು. ಎಲೆಯ ಬೆನ್ನಿನ ಮೇಲೆ ರಾಗಿಕಾಳಿಗಿಂತ ಚಿಕ್ಕದಾದ ಒಂದು ತಿಳಿಹಸಿರು ಹುಳ ಕೂತಿತ್ತು.

"ನೋಡಿ ಗೌಡ್ರೇ, ನಿಮ್ಮ ಮುರುಟು ಮಣ್ಣಿಂದ ಬರಲ್ಲ, ಬಾವಿ ನೀರಿಂದಾನೂ ಬರಲ್ಲ. ಈ ಹೇನು ಇದೆಯಲ್ಲ, ಕಾಯಿಲೆ ಬಿದ್ದ ಗಿಡದ ರಸ ಹೀರುತ್ತೆ. ರೆಕ್ಕೆ ಬಂದ್ಮೇಲೆ ಹಾರಿ ಹೋಗಿ ಒಳ್ಳೇ ಗಿಡಕ್ಕೆ ಬಾಯಿ ಹಾಕುತ್ತೆ. ಕಾಯಿಲೆ ಅದರ ಜೊತೆ ಹೋಗುತ್ತೆ. ಎಲೆಯಿಂದ ಗಡ್ಡೆಗೆ ಇಳಿಯುತ್ತೆ. ಆ ಗಡ್ಡೇನೇ ನೀವು ಬೀಜಕ್ಕೆ ಇಟ್ಕೊಳ್ತೀರಿ."

"ಮತ್ತೆ ಏನ್ ಮಾಡೋದು ಸಾರ್?"

"ರೆಕ್ಕೆ ಹೇನು ಬರೋ ಹೊತ್ತು ನೋಡ್ಕೊಂಡು, ಕಾಯಿಲೆ ಗಡ್ಡೆಗೆ ಇಳಿಯೋ ಮೊದಲೇ ಸೊಪ್ಪು ಕೊಯ್ದುಬಿಡೋದು."

"ಹಸಿರು ಸೊಪ್ಪನ್ನಾ?"

"ಹಸಿರು ಸೊಪ್ಪನ್ನೇ. ತೀರಾ ಬೇಗ ಕೊಯ್ದ್ರೆ ಗಡ್ಡೆ ಗೋಲಿ ಥರ ಇರುತ್ತೆ. ತಡ ಮಾಡಿದ್ರೆ ದಪ್ಪ ಗಡ್ಡೆ, ಒಳಗೆ ಕಾಯಿಲೆ. ಯಾವಾಗ ಕೊಯ್ಬೇಕು ಅಂತ ಹೇಳೋಕೇ ಈ ತಟ್ಟೆ."

ರೆಕ್ಕೆ ಹೇನಿಗೆ ಹಳದಿ ಕಂಡರೆ ಇಳಿಯುವ ಆಸೆಯಂತೆ. ಗಿಡದ ಎತ್ತರಕ್ಕೆ ಕೋಲು ನೆಟ್ಟು, ಮೇಲೆ ತಟ್ಟೆ ಕೂರಿಸಿ, ನೀರು ತುಂಬಿ, ಒಂದು ಚೂರು ಸೋಪು ಕದಡಿದರೆ ಇಳಿದ ಹೇನು ಮತ್ತೆ ಏಳುವುದಿಲ್ಲ. ಗಾಳಿ ಬೀಸುವ ಮೂಡಣ ಬದುವಿನ ಪಕ್ಕ ತಟ್ಟೆಗಳನ್ನು ಇಟ್ಟೆವು. ದಿನಾ ಬೆಳಗ್ಗೆ ತಟ್ಟೆ ನೋಡಬೇಕು, ಹೊಲದ ನಡುವೆ ಅಲ್ಲಲ್ಲಿ ಗಿಡದ ಮೇಲಿನದು, ನಡುವಿನದು, ಬುಡದ್ದು ಹೀಗೆ ಎಲೆ ಮಗುಚಿ ನೋಡಬೇಕು. ಅವರು ಒಂದು ಭೂತಗಾಜನ್ನೂ ಕೊಟ್ಟು ಹೋದರು.

ಆ ಚಳಿಗಾಲ ನಾನು ಎಷ್ಟು ಎಲೆ ಮಗುಚಿದೆನೋ ದೇವರಿಗೇ ಗೊತ್ತು. ಬೆಳಗ್ಗೆ ನೋಡಿ ಬಂದರೂ ಸಮಾಧಾನವಿಲ್ಲ, ಊಟ ಮಾಡಿ ಮತ್ತೆ ಹೋಗುತ್ತಿದ್ದೆ. ಕಪಿಲೆಯ ಎತ್ತನ್ನು ನಡುವೆ ನಿಲ್ಲಿಸಿ ಹೋಗಿ ನೋಡುತ್ತಿದ್ದೆ. ಊರ ಮುಂದಿನ ಹೋಟ್ಲಿಗೆ ಹೋದರೆ ಬೆಂಚಿನ ಮೇಲಿದ್ದವರಿಗೆ ಹಬ್ಬ.

"ಬಂದ ನೋಡಪ್ಪಾ ಹೇನ್ ಗೌಡ. ಏನ್ ಗುರುವೇ, ಎಂಡ್ರು ತಲೆ ನೋಡಿ ಮುಗೀತಾ, ಉರುಳ್‌ಗಡ್ಡೆ ತಲೆಗೆ ಬಂದ್ಯಾ?"

"ನಿನ್ ತಲೆ ತತ್ತಾ ಇಲ್ಲಿ, ಅದ್ರಾಗ್ ಏನಾರ ಐತಾ ನೋಡಾನ," ಎನ್ನುತ್ತಿದ್ದೆ. ಟೀ ಮಾತ್ರ ಪೂರ್ತಿ ಕುಡಿಯದೆ ಏಳುತ್ತಿದ್ದೆ.

ಅಮೃತಹಳ್ಳಿಯಲ್ಲಿ ನನ್ನ ಹೆಂಡತಿಯ ಕಡೆಯವರ ಮದುವೆ. ಪಂಕ್ತಿಗೆ ಎಲೆ ಹಾಕುವಾಗ ನಾನು ಹಿತ್ತಲಲ್ಲಿದ್ದೆ. ಹುಡುಕಿಕೊಂಡು ಬಂದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು, ನಗುವುದೋ ಬಯ್ಯುವುದೋ ತಿಳಿಯದೆ.

"ಮದ್ವೆ ಮನೆಗ್ ಬಂದು ಬದ್ನೆ ಗಿಡ ಮಗುಚ್ತಾರಾ ಯಾರಾನ? ನಮ್ಮಪ್ಪನ ಮನೆಯವ್ರು ಏನಂದ್ಕೊಂಡಾರು?"

"ಇಲ್ಲೂ ಅದೇ ಹೇನು ಐತೆ, ನೋಡಿಲ್ಲಿ."

"ಇರ್ಲಿ ಬುಡಿ, ಅವೂ ಉಣ್ಲಿ. ನೀವು ಬಂದು ಉಣ್ಣಿ."

ತಟ್ಟೆಗಳು ಮಾತ್ರ ಖಾಲಿ. ಒಂದು ದಿನ ಒಂದು ಹೇನು, ಇನ್ನೊಂದು ದಿನ ಅದೂ ಇಲ್ಲ. ನೊಣ, ಸೊಳ್ಳೆ ಬಿದ್ದಿರುತ್ತಿದ್ದವು. ಹೊಲದ ನಡುವೆ ಎಲೆ ಮಗುಚಿದರೂ ಅಷ್ಟೇ. ಹುಳದ ಸಾಹೇಬರು ವಾರಕ್ಕೊಮ್ಮೆ ಬಂದು ನೋಡಿ ಖುಷಿಪಟ್ಟರು. ಅಕ್ಕಪಕ್ಕದ ಹಳ್ಳಿಗಳಲ್ಲಿ ಆಗಲೇ ಬೀಳುತ್ತಿವೆ, ನಿಮ್ಮದು ಅದೃಷ್ಟದ ಹೊಲ, ಗಡ್ಡೆ ಇನ್ನಷ್ಟು ದಪ್ಪವಾಗಲಿ ಬಿಡಿ ಎಂದರು. ಅಣ್ಣನೂ ಒಂದೆರಡು ಗಿಡದ ಬುಡ ಕೆದರಿ ನೋಡಿ, "ನಿಂಬೆಅಣ್ ಗಾತ್ರ ಆಗವೆ, ಪರವಾಗಿಲ್ಲ," ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು. ನನಗೆ ಮಾತ್ರ ಪಕ್ಕದ ಹಳ್ಳಿಗೆ ಬಂದ ಹೇನು ನಮ್ಮ ಬದು ದಾಟದಿರುವುದಕ್ಕೆ ಕಾರಣವೇನು ಎಂಬುದು ಒಳಗೇ ಕೊರೆಯುತ್ತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ರಾಗಿ ಹೊಲದಲ್ಲಿ ನಾವು ಬರೀ ರಾಗಿ ಹಾಕುವುದಿಲ್ಲ. ನಡುನಡುವೆ, ಅಂಚಿನಲ್ಲಿ, ಅವರೆ, ಸಾಸಿವೆ, ಹುಚ್ಚೆಳ್ಳು ಸಾಲು ಹಿಡಿಯುತ್ತೇವೆ. ಅದು ಅಕ್ಕಡಿ. ಮನೆಯ ಸಾರಿಗೆ ಒಗ್ಗರಣೆಗೆ ಬೇಕಾದ್ದೆಲ್ಲ ಆ ಸಾಲಿನಿಂದಲೇ. ಅದು ಹೆಂಗಸರ ಪಾಲು, ಅದನ್ನು ಗಂಡಸರು ಕೇಳುವುದಿಲ್ಲ. ಆಲೂಗಡ್ಡೆಗೆ ಅಕ್ಕಡಿಯ ರೂಢಿ ಇರಲಿಲ್ಲ. ಆದರೆ ಅವ್ವನಿಗೆ ಅಕ್ಕಡಿಯಿಲ್ಲದ ಹೊಲ ಕಣ್ಣಿಗೆ ಬೋಳು ಬೋಳಾಗಿ ಕಾಣುತ್ತಿತ್ತು. ಮಗನ ಭವಿಷ್ಯ ನಿಂತಿರುವ ಹೊಲ ಬೋಳಾಗಿರಬಾರದು ಎಂದು ನಾಟಿಯ ದಿನವೇ ಮಡಿಲಲ್ಲಿ ಸಾಸಿವೆ ತಂದು ಮೂಡಣ ಬದುವಿನುದ್ದಕ್ಕೂ ಚೆಲ್ಲಿದ್ದಳು. ನಾನು ನೋಡಿದ್ದೆ, ಸಾಹೇಬರೂ ನೋಡಿದ್ದರು. ಇಬ್ಬರಿಗೂ ಅದರಲ್ಲಿ ಏನೂ ಕಾಣಲಿಲ್ಲ. ತಟ್ಟೆ ಇಟ್ಟಾಗ ಸಾಸಿವೆ ಇನ್ನೂ ಹೂವಿಲ್ಲದ ಎಳೆ ಸಸಿ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಸೊಂಟದೆತ್ತರ ಬೆಳೆದು ಬದು ಪೂರ್ತಿ ಹೂವಾಗಿತ್ತು.

ಒಂದು ಬೆಳಗ್ಗೆ ಅವ್ವ ಸಾಸಿವೆಯ ಎಳೆ ಕುಡಿ ಮುರಿದುಕೊಂಡು ಬಂದಿದ್ದಳು, ಸೊಪ್ಪಿನ ಸಾರಿಗೆ. ಹೆಂಡತಿ ಅದನ್ನು ಹಿತ್ತಲಲ್ಲಿ ತೊಟ್ಟಿಯ ಪಕ್ಕ ಕೂತು ತೊಳೆಯುತ್ತಿದ್ದಳು. ನಾನು ಎತ್ತಿಗೆ ಹುಲ್ಲು ಹಾಕುತ್ತಿದ್ದೆ.

"ಇಲ್ ಬನ್ನಿ ವಸಿ. ಇದೇನಿದು, ತೊಳ್ದಷ್ಟೂ ಬತ್ತವೆ?"

ಹೋಗಿ ನೋಡಿದೆ. ಪಾತ್ರೆಯ ನೀರಿನ ಮೇಲೆ ಹೊಟ್ಟು ತೇಲುವಂತೆ ಹೇನು ತೇಲುತ್ತಿದ್ದವು. ಭೂತಗಾಜು ತಂದು ನೋಡಿದೆ. ಬೂದಿ ಬಣ್ಣದವು ಹೆಚ್ಚು, ಅವು ಸಾಸಿವೆಯವೇ ಇರಬಹುದು. ಅವುಗಳ ನಡುವೆ ಆಲೂಗಡ್ಡೆಯ ಎಲೆಯ ಬೆನ್ನಿನಲ್ಲಿ ಸಾಹೇಬರು ತೋರಿಸಿದ್ದ ಅದೇ ತಿಳಿಹಸಿರಿನವು, ಅವುಗಳಲ್ಲಿ ರೆಕ್ಕೆ ಬಂದವು ಕೂಡ. ಚಪ್ಪಲಿ ಮೆಟ್ಟದೆಯೇ ಹೊಲಕ್ಕೆ ಓಡಿದೆ.

ಬದುವಿನ ಪಕ್ಕದ ಸಾಲಿನಲ್ಲಿ ಬುಡದ ಎಲೆ ಮಗುಚಿದೆ. ಇದ್ದವು. ಎರಡನೇ ಸಾಲು, ಇದ್ದವು. ತಟ್ಟೆ ಅಲ್ಲೇ ಇತ್ತು, ಅದರಲ್ಲಿ ಒಂದು ಸತ್ತ ನೊಣ. ತಟ್ಟೆಯ ಸುತ್ತ, ಮೇಲೆ, ಕೆಳಗೆ ಸಾಸಿವೆ ಹೂವಿನ ಹಳದಿಯೇ ಹಳದಿ. ಅಷ್ಟು ಹಳದಿಯ ನಡುವೆ ಯಾವ ಹೇನು ತಾನೇ ಅಂಗೈಯಗಲ ತಗಡನ್ನು ಹುಡುಕಿಕೊಂಡು ಬರುತ್ತದೆ? ಹೊಲದ ನಡುವೆ ನಾನು ದಿನವೂ ಮಗುಚುತ್ತಿದ್ದ ಎಲೆಗಳವರೆಗೆ ಅವು ಇನ್ನೂ ಬಂದಿರಲಿಲ್ಲ, ಅಷ್ಟೇ.

ಬೆನ್ನ ಹಿಂದೆಯೇ ಅವ್ವ ಬಂದಳು. ನನ್ನ ಮುಖ ನೋಡಿ, ಎಲೆ ನೋಡಿ, ಅವಳಿಗೆ ಅರ್ಥವಾಯಿತು. "ನನ್ ಕೈಗೆ ಏನ್ ರೋಗ ಬಂದಿತ್ತೋ ಇದ್ನ ಚೆಲ್ಲಕ್ಕೆ," ಎನ್ನುತ್ತಾ ಸೆರಗು ಸಿಕ್ಕಿಸಿ ಸಾಸಿವೆ ಗಿಡಕ್ಕೆ ಕೈ ಹಾಕಿದಳು, ಬೇರು ಸಹಿತ ಕೀಳಲು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ.

"ಬ್ಯಾಡ ಕಣವ್ವ, ಮುಟ್ಬ್ಯಾಡ! ಅಲ್ಲಾಡ್ಸುದ್ರೆ ಎಲ್ಲಾ ಎದ್ದು ಉರುಳ್‌ಗಡ್ಡೆ ಮ್ಯಾಕೇ ಕೂತ್ಕೊಂತವೆ."

"ಮತ್ತೆ ಇಂಗೇ ಬುಡಾದಾ?"

"ಮೊದ್ಲು ಗಡ್ಡೆ ಸೊಪ್ಪು ಕುಯ್ಯಾನ. ಆಮ್ಯಾಕೆ ಸಾಸ್ವೆ."

ನನ್ನ ಬಾಯಿಂದ ಆ ಮಾತು ಬಂದದ್ದು ಕೇಳಿ ನನಗೇ ಭಯವಾಯಿತು. ಗಡ್ಡೆ ಇನ್ನೂ ಬಲಿಯಬೇಕಿತ್ತು. ಹೆಬ್ಬಾಳಕ್ಕೆ ಸೈಕಲ್ ಹೊಡೆದು ಸಾಹೇಬರನ್ನು ಕರೆದುಕೊಂಡು ಬಂದೆ. ಅವರು ಬದುವಿನುದ್ದಕ್ಕೂ ಮೆಲ್ಲಗೆ ನಡೆದು, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ನನಗೂ ಹೊಳೀಲಿಲ್ಲ ಗೌಡ್ರೇ. ತಟ್ಟೆ ಪಕ್ಕ ಸಾಸಿವೆ ಹೂ ಬಿಟ್ಟಿದ್ದು ನಾನು ನೋಡಿದ್ದು ಇದೇ ಮೊದಲು. ಕೊಯ್ಯೋದಾದ್ರೆ ಇವತ್ತೇ. ಹೇನು ಎಷ್ಟು ಸಾಲು ಒಳಗೆ ಹೋಗಿ ಬಂದಿದೆ ಅಂತ ಮಾತ್ರ ಯಾರೂ ಹೇಳಕ್ಕಾಗಲ್ಲ."

ಅಣ್ಣ ಕೆಂಡವಾದ. "ಅಸ್ರು ಬೆಳೆ ಕುಯ್ಯೋನು ರೈತನೇನ್ಲಾ? ಊರೋರು ಮಕಕ್ಕೆ ಉಗೀತಾರೆ. ಸೊಪ್ಪು ಇನ್ನೂ ಅರಳಿ ನಿಂತದೆ, ಕುಡ್ಲು ಇಕ್ಕಕ್ಕೆ ಕೈ ಎಂಗ್ ಬತ್ತದೆ ನಿಂಗೆ?"

"ಒಲ ಈ ಸಲ ನನ್ದು ತಾನೆ? ಉಗ್ಸ್ಕೊಳ್ಳೋನು ನಾನು."

ಕುಡುಗೋಲು ತಂದು, ಬದುವಿನಿಂದ ದೂರದ ಪಡುವಣ ತುದಿಯಿಂದ ಶುರು ಮಾಡಿದೆ. ನೆಲಕ್ಕೆ ಹತ್ತಿಸಿ ಕೊಯ್ಯಬೇಕು. ಕೊಯ್ದ ಕಾಂಡದಿಂದ ನೀರು ಒಸರುತ್ತಿತ್ತು. ಕಪಿಲೆ ಹೊಡೆದು ನಾನೇ ಕುಡಿಸಿದ ನೀರು. ಕೈ ಮಾತ್ರ ನಿಲ್ಲಿಸಲಿಲ್ಲ. ರಸ್ತೆಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ನೋಡಿದರು. ಒಬ್ಬ, "ತಲೆ ಕೆಟ್ಟದೆ ಪಾಪ, ಚಿಕ್ ವಯ್ಸು," ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಸಾಲಿನಲ್ಲಿ ಇನ್ನೊಂದು ಕುಡುಗೋಲಿನ ಸದ್ದು. ಅಣ್ಣ. ಬಗ್ಗಿ ಕೊಯ್ಯುತ್ತಿದ್ದ, ನನ್ನ ಕಡೆ ನೋಡಲಿಲ್ಲ. ಅವನು ನನಗಿಂತ ಬೇಗ ಕೊಯ್ಯುತ್ತಿದ್ದ, ಅದನ್ನು ಒಪ್ಪಲೇಬೇಕು.

ಬದುವಿನ ಹತ್ತಿರ ಬಂದಾಗ ಅಣ್ಣನನ್ನು ತಡೆದು, ಸಾಲು ಸಾಲಾಗಿ ಎಲೆ ಮಗುಚಿ ನೋಡಿದೆ. ಇಡೀ ಸಾಲಿನಲ್ಲಿ ಒಂದೂ ಹೇನು ಸಿಗದ ಜಾಗಕ್ಕೆ ಬಂದೆ. ಅಲ್ಲಿಗೂ ಧೈರ್ಯ ಸಾಲದೆ ಇನ್ನಷ್ಟು ಸಾಲು ಬಿಟ್ಟು ಒಂದು ಕೋಲು ನೆಟ್ಟೆ. ಕೋಲಿನಿಂದ ಆಚೆ ಬದುವಿನವರೆಗೆ ಬೆಳೆದದ್ದೆಲ್ಲ ಅಡಿಗೆಗೆ ಮತ್ತು ಸಂತೆಗೆ, ಈಚೆಯದು ಬೀಜಕ್ಕೆ.

"ಒಲದ ಮೂರ್ನೇ ಒಂದ್ ಪಾಲು ತಿನ್ನಕ್ಕಾ?" ಎಂದ ಅಣ್ಣ. "ಎರ್ಡ್ ಸಾಲು ಬುಟ್ರೆ ಸಾಲ್ದಾ? ಗಡ್ಡೆ ಮ್ಯಾಕೆ ಏನಾನ ಬರ್ದೈತಾ, ಯಾವ್ದು ಕಾಯ್ಲೆ ಅಂತ?"

"ಬರ್ದಿಲ್ಲ, ಅದ್ಕೇ," ಎಂದೆ.

ಸೊಪ್ಪೆಲ್ಲ ಕೊಯ್ದಾದ ಮೇಲೆ ಅವ್ವ ಸಾಸಿವೆ ಕಿತ್ತು ಸುಟ್ಟಳು. ಆ ವರ್ಷ ಸಾಸಿವೆಯನ್ನು ಅಂಗಡಿಯಿಂದ ತಂದೆವು. ಗಡ್ಡೆಯ ಸಿಪ್ಪೆ ಗಟ್ಟಿಯಾಗುವವರೆಗೆ ನೆಲದಲ್ಲೇ ಬಿಟ್ಟು, ಬುಡದಿಂದ ಮತ್ತೆ ಚಿಗುರು ಒಡೆದಲ್ಲೆಲ್ಲ ಚಿವುಟುತ್ತಾ ದಿನವೂ ಸಾಲು ಸಾಲು ತಿರುಗಿದೆ. ಆಮೇಲೆ ಅಗೆದು, ಕೋಲಿನ ಈಚೆಯದನ್ನು ಬೇರೆ ಮಾಡಿ, ಅಟ್ಟದ ಮೇಲೆ ಮರಳಿನಲ್ಲಿ ಹರಡಿ ಹೊಂಗೆ ಸೊಪ್ಪು ಮುಚ್ಚಿದೆವು. ಬೇಸಿಗೆಯೆಲ್ಲ ನಾನು ಅಟ್ಟ ಹತ್ತಿ ಇಳಿದೆ. ಗಡ್ಡೆಯನ್ನು ಎಷ್ಟು ತಿರುಗಿಸಿ ನೋಡಿದರೂ ಒಳ್ಳೆಯದೂ ಕಾಯಿಲೆಯದೂ ಒಂದೇ ಥರ. ಕಣ್ಣು ಬಿಟ್ಟ ಮೊಳಕೆಯೂ ಒಂದೇ ಥರ. ನೆಲಕ್ಕೆ ಹಾಕದೆ ಏನೂ ತಿಳಿಯುವಂತಿರಲಿಲ್ಲ. "ನಿಮ್ ಕಾಲ್ಗೆ ಇರ್ವೆ ಅತ್ಯವಾ, ಒಂದ್ ಗಳ್ಗೆ ಕೂತ್ಕೊಳ್ಳಿ," ಎಂದು ಹೆಂಡತಿ ರೇಗುತ್ತಿದ್ದಳು. ಅಣ್ಣ ಆ ನಡುವೆ ಕೊಯಿರದ ಕಡೆ ಹೋಗಿ ಕಲ್ಲು ಕಂಬ ನೋಡಿ, ಗಾಡಿಯವನ ಹತ್ತಿರ ಮಾತೂ ಆಡಿ ಬಂದಿದ್ದ. ನನಗೆ ಹೇಳಲಿಲ್ಲ, ಊರೆಲ್ಲ ಹೇಳಿದರು.

ಮುಂಗಾರಿಗೆ ಅದೇ ಹೊಲಕ್ಕೆ ಅದೇ ಬೀಜ ಹಾಕಿದೆವು. ಗಿಡ ಬಂತು. ಬಂದ ಗಿಡ ಮುರುಟುವುದು ಬುಡದ ಎಲೆ ಬಲಿತ ಮೇಲೆಯೇ. ಅಲ್ಲಿಯವರೆಗೆ ನಾನು ಉಂಡದ್ದು, ಮಲಗಿದ್ದು ನೆನಪಿಲ್ಲ. ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಗ್ಗೆ ಅವ್ವ, "ನಡೀರಿ, ನೋಡ್ಬುಡಾನ," ಎಂದಳು. ಮೂವರೂ ಹೋದೆವು. ಅವ್ವ ಸಾಲಿನ ನಡುವೆ ಬಗ್ಗಿ, ಬುಡದ ಎಲೆಗಳ ಮೇಲೆ ಅಂಗೈ ಆಡಿಸುತ್ತಾ ನಡೆದಳು. ಕಿವಿ ಅತ್ತಲೇ ಇತ್ತು. ಒಣ ಸದ್ದಿಲ್ಲ. ಎಲೆ ಮೆತ್ತಗೆ, ಅಗಲವಾಗಿ, ಅವಳ ಕೈಯಡಿ ಬಾಗಿ ಏಳುತ್ತಿತ್ತು. ಅಣ್ಣ ಇನ್ನೊಂದು ಕಡೆಯಿಂದ ಹುಡುಕುತ್ತಿದ್ದ.

"ಇಲ್ ಬಾರವ್ವ, ಇಲ್ನೋಡು! ಇದೇನು? ಮುರುಟಲ್ವಾ?"

ಹೋದೆವು. ಒಂದು ಗಿಡ, ಸುರುಳಿ ಸುತ್ತಿಕೊಂಡದ್ದೇ ಹೌದು. ಅದರಾಚೆ ಇನ್ನೊಂದು. ಹುಡುಕಿದರೆ ಹೊಲದಲ್ಲೆಲ್ಲ ಬೆರಳೆಣಿಕೆಯಷ್ಟು. ಅವ್ವ ಒಂದು ಗಿಡವನ್ನು ಕಿತ್ತು, ಮಣ್ಣು ಕೊಡವಿ, ಅಣ್ಣನ ಕೈಗಿಟ್ಟಳು.

"ತಲೇಲಿ ನಾಕ್ ಬಿಳೀ ಕೂದ್ಲು ಕಂಡ್ರೆ ಮುದ್ಕ ಅಂದ್ಬುಡ್ತಾರೇನ್ಲಾ? ಕಿತ್ತಾಕ್ರಿ ಇಂತಾವ್ನ. ಒಲ ಅವ್ನ್ದು."

ಅಣ್ಣ ಆ ಗಿಡವನ್ನು ಬದುವಿಗೆ ಎಸೆದ. ಆಮೇಲೆ ಇನ್ನೊಂದು ಮುರುಟು ಗಿಡ ಕಿತ್ತು ಅದನ್ನೂ ಎಸೆದ. "ಎರ್ಡ್ ಸಾಲ್ ಬುಡು ಅಂದಿದ್ದೆ ನಾನು," ಎಂದ ಮೆಲ್ಲಗೆ. ತಾನು ಹೇಳಿದ್ದು ತಪ್ಪು ಎಂದು ಅವನು ಒಪ್ಪಿಕೊಂಡದ್ದು ಅಷ್ಟರಲ್ಲೇ.

ಮರುವರ್ಷ ಅವನು ಮೇಲಿನ ರಾಗಿ ಹೊಲಕ್ಕೆ ಕಲ್ಲು ಕಂಬ ನೆಡಿಸಿದ. ದ್ರಾಕ್ಷಿಗೆ ನೀರು ಬೇಕಲ್ಲ. ಕೇಳುವುದಕ್ಕೆ ಬಿಗುಮಾನ ಅಡ್ಡ ಬಂದು ಹೆಂಡತಿಯನ್ನು ಕಳಿಸಿದ. ಅತ್ತಿಗೆ ಬಾಯಿ ತೆರೆಯುವ ಮೊದಲೇ, "ಸರದಿ ಮೇಲೆ ತಗಳ್ಳಿ ಅತ್ಗೆಮ್ಮ," ಎಂದೆ. ಊರಿಗೆ ಕರೆಂಟು ಬಂದ ಮೇಲೆ ಬಾವಿಗೆ ಇಬ್ಬರೂ ಸೇರಿ ಪಂಪ್‌ಸೆಟ್ ಕೂರಿಸಿದೆವು. ಅದಾದ ಮೇಲೆ ಜಗಳವಿಲ್ಲದೆ ಪಾಲಾದೆವು. ಅವ್ವ ಮಧ್ಯಾಹ್ನ ಅವನಲ್ಲಿ ಉಣ್ಣುತ್ತಾಳೆ, ಸಂಜೆ ನಮ್ಮಲ್ಲಿ.

ನನ್ನ ಕಾಲು ಇನ್ನೂ ನಿಂತಿಲ್ಲ. ಸಂಕ್ರಾಂತಿ ಹತ್ತಿರ ಬಂದರೆ ಯಾರ ಹೊಲದ ಪಕ್ಕ ಹಾದರೂ ಎಲೆ ಮಗುಚದೆ ಮುಂದೆ ಹೋಗಲಾಗದು. ಒಂದೊಂದು ವರ್ಷ ಬೇಗ ಕೊಯ್ದು ಗಡ್ಡೆ ಸಣ್ಣದಾಗಿದೆ, ಒಂದು ವರ್ಷ ತಡವಾಗಿ ಇಡೀ ಬೀಜವನ್ನು ಸಂತೆಗೆ ಸುರಿದೆ. ಬೆಟ್ಟದ ಬೀಜವನ್ನು ಪೂರ್ತಿ ಬಿಟ್ಟಿಲ್ಲ. ಆಗಾಗ ಹೊಸ ಮೂಟೆ ತಂದೇ ತರಬೇಕು. ಆದರೆ ಪ್ರತಿ ವರ್ಷ ರೈಲು ಕಾಯುವುದು ತಪ್ಪಿತು.

ಈಗ ನನ್ನ ಪಾಲಿಗೆ ಬಾವಿ ಹೊಲ ಒಂದು ಎಕರೆ ಆರು ಗುಂಟೆ, ರಾಗಿ ಹೊಲ ಎರಡು ಎಕರೆ. ಬಾವಿಯಲ್ಲಿ ಅರ್ಧ, ಪಂಪ್‌ಸೆಟ್ಟಿನಲ್ಲಿ ಅರ್ಧ. ಎತ್ತು ಒಂದು ಜೊತೆ, ಕರೆಯುವ ಎಮ್ಮೆ ಒಂದು. ಮಕ್ಕಳು ಮೂವರು. ಬೀಜ ಇಡುವುದಕ್ಕೆಂದೇ ಕಟ್ಟಿಸಿದ ಕೋಣೆ ಒಂದು, ಅದರಲ್ಲಿ ಈ ವರ್ಷ ಆರಿಸಿ ಇಟ್ಟ ಮೂಟೆ ಮೂವತ್ತೆಂಟು.